‘ನಮ್ಮನೇಲಿ ಒಪ್ಪಲ್ಲ’

(ಮಹಿಳಾ ಸಂಘಟನೆಗಳ ಹೊಸ ಕಾರ್ಯಕರ್ತೆಯರ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ನಿನ್ನೆ ದಿನವಿಡೀ ನೀವು ಕಾನೂನಿನ ಪಾಠ ಕೇಳಿದ್ದೀರಿ. ಯಾವ ಕಲಂ, ಯಾವ ನಮೂನೆ, ಯಾವ ಅರ್ಜಿಯನ್ನು ಎಲ್ಲಿ ಕೊಡಬೇಕು ಎಂಬುದನ್ನೆಲ್ಲ ಬರೆದುಕೊಂಡಿದ್ದೀರಿ. ನನಗೆ ಕೊಟ್ಟಿರುವ ವಿಷಯ ‘ಸಂಸ್ಕೃತಿ ಮತ್ತು ಹೆಣ್ಣಿನ ಸ್ವಂತಿಕೆ’. ಹೆಸರು ದೊಡ್ಡದು. ನಾನು ಅದನ್ನು ಚಿಕ್ಕದು ಮಾಡಿಕೊಂಡು ಒಂದೇ ಪ್ರಶ್ನೆ ಹಿಡಿದು ಬಂದಿದ್ದೇನೆ. ನಮ್ಮೆದುರು ಬಂದು ಕೂತ ಹೆಂಗಸು ತನ್ನನ್ನು ಯಾವ ಮಾತುಗಳಲ್ಲಿ ಹೇಳಿಕೊಳ್ಳುತ್ತಾಳೆ, ಆ ಮಾತುಗಳು ದೂರಿನ ಕಾಗದಕ್ಕೆ ಇಳಿಯುವ ಹೊತ್ತಿಗೆ ಏನಾಗಿರುತ್ತವೆ?

ಇಪ್ಪತ್ತು ವರ್ಷಕ್ಕೂ ಮೇಲೆ ನಾನು ಮಾಡಿರುವ ಕೆಲಸವೆಂದರೆ ಕೇಳುವುದು, ಬರೆಯುವುದು. ನಮ್ಮ ಕೇಂದ್ರಕ್ಕೆ ಬರುವ ಹೆಂಗಸರ ಬಾಯಲ್ಲಿ ಮೊದಲ ಅರ್ಧ ಗಂಟೆ ‘ನಾನು’ ಎಂಬ ಮಾತು ಬರುವುದೇ ಅಪರೂಪ. ‘ನಮ್ಮನೇಲಿ ಒಪ್ಪಲ್ಲ ಮೇಡಂ’, ‘ನಮ್ಮನೇಲಿ ಸ್ವಲ್ಪ ಕೋಪ ಜಾಸ್ತಿ’. ಧಾರವಾಡದ ಕಡೆಯವರಾದರೆ ‘ನಮ್ಮ ಮನ್ಯಾಗ ಒಪ್ಪಂಗಿಲ್ರಿ’. ಒಪ್ಪದೆ ಇರುವುದು ಮನೆಯಲ್ಲ. ಗೋಡೆಗೂ ಹೆಂಚಿಗೂ ಕೋಪ ಬರುವುದಿಲ್ಲ. ‘ನಮ್ಮನೇಲಿ’ ಎಂದರೆ ಗಂಡ. ಕೆಲವು ಸಲ ಅತ್ತೆ, ಕೆಲವು ಸಲ ಇಬ್ಬರೂ. ಕೇಳುವ ನಮಗೂ ಅದು ಗೊತ್ತು, ಹೇಳುವ ಅವಳಿಗೂ ಗೊತ್ತು. ಇಬ್ಬರಿಗೂ ಗೊತ್ತಿರುವುದರಿಂದಲೇ ಯಾರೂ ಬಿಡಿಸಿ ಹೇಳುವುದಿಲ್ಲ.

ಗಂಡನ ಹೆಸರು ಹೇಳಬಾರದೆಂಬ ಕಟ್ಟಳೆ ಹಳೆಯದು. ಉತ್ತರ ಕರ್ನಾಟಕದ ಮದುವೆಗಳಲ್ಲಿ ಹೆಸರು ಹೇಳಿಸುವ ಶಾಸ್ತ್ರವಿದೆ. ಒಡಪು ಕಟ್ಟಿ, ಪ್ರಾಸದ ಮಡಿಲಲ್ಲಿ ಹೆಸರನ್ನು ಅಡಗಿಸಿ ಹೇಳಬೇಕು, ಸುತ್ತ ಕೂತವರು ನಗಬೇಕು. ಚೆಂದದ ಆಟ. ಒಡಪು ಕಟ್ಟುವುದರಲ್ಲಿ ನಮ್ಮ ಅಜ್ಜಿಯಂದಿರು ತೋರುತ್ತಿದ್ದ ಜಾಣತನವನ್ನು ಕಣ್ಣಾರೆ ಕಂಡವಳು ನಾನು, ಅದನ್ನು ಹಳಿಯಲಾರೆ. ಆದರೆ ಆಟ ಮುಗಿದ ಮೇಲೆ ಆ ಹೆಸರು ಬಾಯಿಗೆ ಬರುವಂತಿಲ್ಲ. ಠಾಣೆಯಲ್ಲಿ ‘ಗಂಡನ ಹೆಸರೇನಮ್ಮ’ ಎಂದು ಕೇಳಿದರೆ ಪಕ್ಕದಲ್ಲಿ ನಿಂತ ಮಗುವಿನ ಕಡೆ ತಿರುಗಿ ‘ನಿಮ್ಮಪ್ಪನ ಹೆಸರು ಹೇಳೋ’ ಎನ್ನುವವರನ್ನು ಈಗಲೂ ನೋಡುತ್ತೇನೆ. ಹೊಡೆದವನ ಹೆಸರನ್ನು ಅವನ ಮಗನ ಬಾಯಿಂದ ಹೇಳಿಸಬೇಕು!

ಇದನ್ನೆಲ್ಲ ಹೇಳಿದ ಕೂಡಲೆ ಓದಿಕೊಂಡವರು ಒಂದು ವಿವರಣೆ ಕೊಡುತ್ತಾರೆ. ಪಾಶ್ಚಾತ್ಯರದು ‘ನಾನು’ ಎನ್ನುವ ಸಂಸ್ಕೃತಿ, ನಮ್ಮದು ‘ನಾವು’ ಎನ್ನುವ ಸಂಸ್ಕೃತಿ. ಇದರಲ್ಲಿ ದೌರ್ಜನ್ಯ ಹುಡುಕಬೇಡಿ ಎನ್ನುತ್ತಾರೆ. ಈ ವಾದಕ್ಕೆ ಆಧಾರವಾಗಿ 1991ರಲ್ಲಿ ಹೇಜಲ್ ಮಾರ್ಕಸ್ ಮತ್ತು ಶಿನೋಬು ಕಿಟಯಾಮ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಬರೆದ ಪ್ರಬಂಧವನ್ನು ಎತ್ತಿ ಹೇಳುವುದುಂಟು. ಅಮೆರಿಕದವರು ತಮ್ಮನ್ನು ಉಳಿದವರಿಂದ ಬಿಡಿಯಾಗಿ ಕಂಡುಕೊಳ್ಳುತ್ತಾರೆ, ಜಪಾನಿನಂಥ ಕಡೆ ಜನ ತಮ್ಮನ್ನು ಸಂಬಂಧಗಳ ಒಳಗೆ ಕಂಡುಕೊಳ್ಳುತ್ತಾರೆ ಎಂಬುದು ಅದರ ಸಾರಾಂಶ. ಪ್ರಬಂಧದ ಮೇಲೆ ನನಗೆ ತಕರಾರಿಲ್ಲ. ಅದನ್ನು ನಮ್ಮ ಸಭೆಗಳಲ್ಲಿ ಬಳಸುವ ರೀತಿಯ ಮೇಲೆ ಇದೆ. ನಮ್ಮದು ‘ನಾವು’ ಸಂಸ್ಕೃತಿಯೇ ಆಗಿದ್ದರೆ, ಅದೇ ಮನೆಯಲ್ಲಿ ‘ನಾನು ಹೇಳಿದ ಮೇಲೆ ಮುಗೀತು’, ‘ನನ್ನ ಮನೇಲಿ ನನ್ನ ಮಾತು ನಡೀಬೇಕು’ ಎನ್ನುವ ಗಂಡಸು ಯಾವ ದೇಶದವನು? ಒಂದೇ ಸೂರಿನಡಿ, ಒಂದೇ ಒಲೆಯ ಅನ್ನ ಉಣ್ಣುವ ಇಬ್ಬರಲ್ಲಿ ಒಬ್ಬರಿಗೆ ‘ನಾನು’ ಧಾರಾಳವಾಗಿ ಸಿಕ್ಕಿದೆ, ಇನ್ನೊಬ್ಬರಿಗೆ ‘ನಮ್ಮನೇಲಿ’ ಸಿಕ್ಕಿದೆ. ಇದು ಸಂಸ್ಕೃತಿಯೇ ಹೌದು, ಅಲ್ಲವೆನ್ನುವುದಿಲ್ಲ. ಆದರೆ ಅದರೊಳಗೆ ಹಂಚಿಕೆ ಹೇಗಾಗಿದೆ ಎಂದು ನೋಡದೆ ಹೋದರೆ ನಾವು ಏನನ್ನೂ ನೋಡಿದಂತಾಗುವುದಿಲ್ಲ.

ಕನ್ನಡ ಭಾಷೆಯೇ ಹೀಗೆ ಎಂದು ಭಾಷೆಯ ಮೇಲೆ ತಪ್ಪು ಹೊರಿಸುವವರೂ ಇದ್ದಾರೆ. ಅದೂ ಸರಿಯಲ್ಲ. ಹಿಂದಿಯಲ್ಲಿ ‘ನಾನು ಬಂದೆ’ ಎನ್ನಬೇಕಾದರೆ ಹೇಳುವವರು ಗಂಡೋ ಹೆಣ್ಣೋ ಎಂದು ಕ್ರಿಯಾಪದವೇ ತೋರಿಸಿಕೊಡುತ್ತದೆ. ಕನ್ನಡದಲ್ಲಿ ‘ಬಂದನು’, ‘ಬಂದಳು’ ಎಂಬ ಭೇದ ಬೇರೆಯವರ ಬಗ್ಗೆ ಹೇಳುವಾಗ ಮಾತ್ರ. ‘ನಾನು ಬಂದೆ’, ‘ನಾನು ದುಡಿದೆ’, ‘ನಾನು ಬಿಟ್ಟು ಬಂದೆ’ ಎಂಬಲ್ಲಿ ಗಂಡಿಗೂ ಹೆಣ್ಣಿಗೂ ಒಂದೇ ಮಾತು. ವ್ಯಾಕರಣ ನಮಗೆ ಸಮಪಾಲು ಕೊಟ್ಟಿದೆ. ಹನ್ನೆರಡನೇ ಶತಮಾನದ ಶರಣೆಯರು ಆ ಪಾಲನ್ನು ಎತ್ತಿಕೊಂಡು ಬಳಸಿದರು. ಅಕ್ಕಮಹಾದೇವಿಯ ಹೆಸರನ್ನು ಎಲ್ಲರೂ ಹೇಳುತ್ತಾರೆ. ನನಗೆ ಈ ಸಂದರ್ಭದಲ್ಲಿ ನೆನಪಾಗುವವಳು ಆಯ್ದಕ್ಕಿ ಲಕ್ಕಮ್ಮ. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ ಗಂಡ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಇದು ಆಸೆ, ತಿರುಗಿ ಸುರಿದು ಬಾ ಎಂದವಳು. ಅವಳ ಅಂಕಿತ ಶುರುವಾಗುವುದೇ ‘ಮಾರಯ್ಯಪ್ರಿಯ’ ಎಂದು. ಗಂಡನ ಹೆಸರು ಹೇಳಿದರೆ ಆಯುಸ್ಸು ಕಡಿಮೆಯಾಗುತ್ತದೆ ಎಂಬ ಮಾತು ಅವಳನ್ನು ತಡೆಯಲಿಲ್ಲ. ಹೆಸರು ಹೇಳಿ, ತಪ್ಪನ್ನೂ ಹೇಳಿದಳು.

ಹಾಗಿದ್ದರೆ ಎಡವಟ್ಟು ಎಲ್ಲಾಗಿದೆ? ಬಳಕೆಯಲ್ಲಿ. ನಾನು ವರ್ಷಗಟ್ಟಲೆ ಬರೆದುಕೊಂಡಿರುವ ಮಾತುಗಳಲ್ಲಿ ಅತಿ ಹೆಚ್ಚು ಸಲ ಬಂದಿರುವ ಒಂದು ಪದವನ್ನು ನಿಮ್ಮ ಮುಂದಿಡುತ್ತೇನೆ. ‘ಬೈಸ್ಕೊಂಡೆ’. ಅದರ ಬೆನ್ನಿಗೇ ‘ಹೊಡೆಸ್ಕೊಂಡೆ’. ‘ಸಾರಿಗೆ ಉಪ್ಪು ಜಾಸ್ತಿ ಆಗಿತ್ತು, ಬೈಸ್ಕೊಂಡೆ.’ ‘ಎದುರು ಮಾತಾಡಿ ಹೊಡೆಸ್ಕೊಂಡೆ.’ ಈ ಪದವನ್ನು ಬಿಡಿಸಿ ನೋಡಿ. ಬೈಯುವುದು ಅವನ ಕೆಲಸ. ಅದಕ್ಕೆ ‘ಇಸು’ ಸೇರಿದರೆ ಮಾಡಿಸುವ ಅರ್ಥ ಬರುತ್ತದೆ, ಕಟ್ಟಿಸು, ಬರೆಯಿಸು ಎಂದ ಹಾಗೆ. ‘ಕೊಳ್ಳು’ ಸೇರಿದರೆ ಅದು ತನಗಾಗಿ ಮಾಡಿಕೊಂಡದ್ದಾಗುತ್ತದೆ. ಅಂದರೆ ಬೈದವನು ವಾಕ್ಯದಲ್ಲೇ ಇಲ್ಲ. ಬೈಗುಳವನ್ನು ಮಾಡಿಸಿಕೊಂಡವಳು ಇವಳು. ಏಟು ತಿಂದವಳೇ ಏಟಿನ ಕರ್ತೃ!

ಮೇಷ್ಟ್ರ ಹತ್ತಿರ ಬೈಸಿಕೊಂಡೆ ಎಂದು ಶಾಲೆಯ ಹುಡುಗನೂ ಹೇಳುತ್ತಾನೆ, ಇದರಲ್ಲಿ ಹೆಣ್ಣಿನದೇನು ವಿಶೇಷ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಹುಡುಗ ಹಾಗೆ ಹೇಳುವುದು ಮೇಷ್ಟ್ರಿಗೆ ಬೈಯುವ ಹಕ್ಕಿದೆ, ತಪ್ಪು ತನ್ನದು ಎಂದು ಒಪ್ಪಿಕೊಂಡಾಗ. ಸಾಹೇಬರ ಹತ್ತಿರ ಗುಮಾಸ್ತ ಬೈಸಿಕೊಳ್ಳುತ್ತಾನೆ, ಧಣಿಯ ಹತ್ತಿರ ಆಳು ಬೈಸಿಕೊಳ್ಳುತ್ತಾನೆ. ಬೀದಿಯಲ್ಲಿ ಗುರುತಿಲ್ಲದವನು ಬಂದು ಕೆನ್ನೆಗೆ ಹೊಡೆದರೆ ಯಾರೂ ಮೊದಲು ‘ಹೊಡೆಸ್ಕೊಂಡೆ’ ಎನ್ನುವುದಿಲ್ಲ, ‘ಯಾವನೋ ಹೊಡೆದ’ ಎನ್ನುತ್ತೇವೆ. ಮೇಲಿನವರಿಗೆ ಹಕ್ಕಿದೆ ಎಂದು ಒಪ್ಪಿಕೊಂಡ ಕಡೆ ಈ ‘ಇಸಿಕೊಳ್ಳು’ ಸಲೀಸಾಗಿ ನಾಲಿಗೆಗೆ ಬರುತ್ತದೆ. ಮದುವೆಯಾದ ಹೆಣ್ಣು ದಿನಕ್ಕೆ ಹತ್ತು ಸಲ ಅದನ್ನು ಆಡುತ್ತಾಳೆ.

ಆ ಒಪ್ಪಿಗೆ ಎಷ್ಟು ಆಳದ್ದು ಎಂಬುದಕ್ಕೆ ಸರ್ಕಾರದ ಲೆಕ್ಕವೇ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡ ಹೆಂಡತಿಯನ್ನು ಹೊಡೆಯುವುದಕ್ಕೆ ಏಳು ಕಾರಣಗಳನ್ನು ಓದಿ ಹೇಳಿ, ಇಂಥ ಸಂದರ್ಭದಲ್ಲಿ ಹೊಡೆಯುವುದು ಸರಿಯೇ ಎಂದು ಕೇಳಿದರು. ಹೇಳದೆ ಹೊರಗೆ ಹೋದರೆ, ಮನೆ ಮಕ್ಕಳನ್ನು ನೋಡಿಕೊಳ್ಳದಿದ್ದರೆ, ಎದುರು ವಾದಿಸಿದರೆ, ಅಡುಗೆ ಸರಿಯಿಲ್ಲದಿದ್ದರೆ, ಅತ್ತೆ ಮಾವನಿಗೆ ಅಗೌರವ ತೋರಿದರೆ, ಹೀಗೆ. ಕರ್ನಾಟಕದಲ್ಲಿ ನೂರಕ್ಕೆ ಸುಮಾರು 77 ಹೆಂಗಸರು ಒಂದಲ್ಲ ಒಂದು ಕಾರಣಕ್ಕೆ ಸರಿ ಎಂದರು. ಗಂಡಸರು ನೂರಕ್ಕೆ ಸುಮಾರು 82. ಗಂಡಸರ ಸಂಖ್ಯೆ ನೋಡಿ ನನಗೆ ಆಶ್ಚರ್ಯವಾಗಲಿಲ್ಲ. ಹೆಂಗಸರ ಸಂಖ್ಯೆಯೂ ಅದರ ಪಕ್ಕದಲ್ಲೇ ಇದೆಯಲ್ಲ, ಅದೇ ‘ಹೊಡೆಸ್ಕೊಂಡೆ’ಯ ಬೇರು.

ಅದೇ ಸಮೀಕ್ಷೆಯಿಂದ ಇನ್ನೊಂದನ್ನು ಕಲಿಯಬಹುದು. ‘ನಿಮ್ಮ ಮೇಲೆ ದೌರ್ಜನ್ಯ ನಡೆದಿದೆಯೇ’ ಎಂಬ ಒಂದೇ ಪ್ರಶ್ನೆಗೆ ಅದು ನಿಲ್ಲುವುದಿಲ್ಲ. ತಳ್ಳಿದ್ದುಂಟೆ, ಕೆನ್ನೆಗೆ ಹೊಡೆದದ್ದುಂಟೆ, ಕೈ ತಿರುಚಿದ್ದುಂಟೆ, ಕೂದಲು ಎಳೆದದ್ದುಂಟೆ, ಒದ್ದದ್ದುಂಟೆ, ಕುತ್ತಿಗೆ ಹಿಸುಕಿದ್ದುಂಟೆ ಎಂದು ಒಂದೊಂದಾಗಿ ಕೇಳುತ್ತಾರೆ. ಹಾಗೆ ಕೇಳಿದಾಗ ಕರ್ನಾಟಕದಲ್ಲಿ ಮದುವೆಯಾದ, 18ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನ ಹಿಂಸೆಯನ್ನು ಅನುಭವಿಸಿದ್ದಾಗಿ ಹೇಳಿದರು. 2015–16ರ ಸಮೀಕ್ಷೆಯಲ್ಲಿ ಈ ಸಂಖ್ಯೆ 21ರಷ್ಟಿತ್ತು. ಹಿಂಸೆ ಇಮ್ಮಡಿಯಾಯಿತೋ, ಹೇಳುವವರು ಹೆಚ್ಚಿದರೋ ಎಂಬುದನ್ನು ಈ ಎರಡು ಅಂಕಿಗಳಷ್ಟೇ ತೀರ್ಮಾನಿಸಲಾರವು. ನಮಗೆ ಬೇಕಾದದ್ದು ಕೇಳುವ ರೀತಿ. ‘ದೌರ್ಜನ್ಯ’ ನಮ್ಮ ಕರಪತ್ರದ ಪದ, ಅವಳ ಅಡುಗೆಮನೆಯದಲ್ಲ. ‘ದೌರ್ಜನ್ಯ ಏನಿಲ್ಲ ಮೇಡಂ, ಆಗಾಗ ಕೈ ಮಾಡ್ತಾರೆ ಅಷ್ಟೆ’ ಎಂದು ನನಗೆ ಹೇಳಿದವರಿಗೆ ಲೆಕ್ಕವಿಲ್ಲ.

ಈಗ ‘ನಾವು’ ಎಂಬ ಮಾತಿಗೆ ಬರುತ್ತೇನೆ, ಏಕೆಂದರೆ ವರದಕ್ಷಿಣೆಯ ಎಲ್ಲ ಮೋಸವೂ ಇದರಲ್ಲಿ ಅಡಗಿದೆ. ಮಂಗಳೂರು, ಉಡುಪಿ ಕಡೆಯಿಂದ ಬಂದವರು ಇಲ್ಲಿದ್ದೀರಿ, ನಿಮ್ಮ ತುಳುವಿನಲ್ಲಿ ಒಂದು ಸೂಕ್ಷ್ಮವಿದೆ. ಕೇಳುವವರನ್ನೂ ಸೇರಿಸಿಕೊಂಡರೆ ‘ನಮ’, ಅವರನ್ನು ಬಿಟ್ಟು ತಮ್ಮವರನ್ನು ಮಾತ್ರ ಹೇಳುವಾಗ ‘ಎಂಕುಲು’. ಗಂಡನ ಎದುರು ತವರಿನ ಮಾತಾಡುವ ಹೆಂಗಸು ಯಾವ ‘ನಾವು’ ಎಂಬುದನ್ನು ಆರಿಸಿಕೊಂಡೇ ಬಾಯಿ ತೆರೆಯಬೇಕು. ಕನ್ನಡದಲ್ಲಿ ಎರಡಕ್ಕೂ ಒಂದೇ ‘ನಾವು’. ಒಂದೇ ‘ನಮಗೆ’. ಮದುವೆಯಾಗಿ ಆರು ತಿಂಗಳಾದ ಹುಡುಗಿ ತವರಿಗೆ ಬಂದು ಅಪ್ಪನ ಹತ್ತಿರ ಹೇಳುತ್ತಾಳೆ: ‘ನಮಗೆ ಅಂಗಡಿ ಹಾಕಕ್ಕೆ ಎರಡು ಲಕ್ಷ ಬೇಕಿತ್ತಪ್ಪ.’ ಈ ‘ನಮಗೆ’ಯಲ್ಲಿ ಅವಳು ಎಷ್ಟಿದ್ದಾಳೆ? ಅಂಗಡಿ ಅವಳ ಹೆಸರಿನಲ್ಲಿರುವುದಿಲ್ಲ. ದುಡ್ಡು ತಾರದೆ ಹೋದರೆ ಬೀಳುವ ಏಟು ಮಾತ್ರ ಅವಳ ಹೆಸರಿನಲ್ಲಿರುತ್ತದೆ. ಆದರೂ ಕೇಳುವವಳು ಅವಳೇ, ಕೇಳುವ ಮಾತು ‘ನಮಗೆ’. ಅಪ್ಪನೂ ನೆಂಟರ ಮುಂದೆ ಹೇಳುತ್ತಾನೆ: ‘ಅವರು ಏನೂ ಕೇಳಲಿಲ್ಲ, ನಾವೇ ಖುಷಿಯಿಂದ ಕೊಟ್ವಿ.’ ಮದುವೆಯ ಮಾತುಕತೆಯಲ್ಲಿ ‘ವರದಕ್ಷಿಣೆ’ ಎಂಬ ಪದ ಯಾರ ಬಾಯಲ್ಲೂ ಬರುವುದಿಲ್ಲ. ವರೋಪಚಾರ, ಉಡುಗೊರೆ, ಬಳುವಳಿ, ‘ನಿಮ್ಮ ಹುಡುಗಿಗೆ ನೀವು ಹಾಕುವುದು’. ಬೆಳಗಾವಿ ಕಡೆ ಹುಂಡಾ ಎಂದು ನೇರವಾಗಿ ಕರೆಯುವವರೇ ಎಷ್ಟೋ ಮೇಲು.

ಈ ‘ನಮಗೆ’ ನ್ಯಾಯಾಲಯದ ತನಕ ಹೋದ ಕತೆ ಕೇಳಿ. ಮಧ್ಯಪ್ರದೇಶದಲ್ಲಿ ಮದುವೆಯಾಗಿ ನಾಲ್ಕು ವರ್ಷ ತುಂಬುವ ಮೊದಲೇ, ಬಸುರಿಯಾಗಿದ್ದ ಒಬ್ಬ ಹೆಂಗಸು ಗಂಡನ ಮನೆಯಲ್ಲಿ ಸುಟ್ಟು ಸತ್ತಳು. ಮನೆ ಕಟ್ಟಲು ತವರಿನಿಂದ ಹಣ ತರುವಂತೆ ಒತ್ತಾಯವಿತ್ತು. ಅಲ್ಲಿನ ಹೈಕೋರ್ಟು, ಹಣ ಕೇಳಿದ್ದು ಸತ್ತವಳೇ, ಆದ್ದರಿಂದ ಇದನ್ನು ವರದಕ್ಷಿಣೆಯ ಬೇಡಿಕೆ ಎನ್ನಲಾಗದು ಎಂದು ಆರೋಪಿಗಳನ್ನು ಆ ಅಪರಾಧದಿಂದ ಬಿಟ್ಟಿತು. 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಮಧ್ಯಪ್ರದೇಶ ಸರ್ಕಾರ ವಿರುದ್ಧ ಜೋಗೇಂದ್ರ ಎಂಬ ಈ ಪ್ರಕರಣದಲ್ಲಿ ಆ ತೀರ್ಪನ್ನು ತಿರುಗಿಸಿತು. ಅವಳ ಬಾಯಿಂದ ಬಂದಿದ್ದರೂ ಅದು ಅವಳ ಅಸಹಾಯಕತೆಯ ಮಾತು, ಮನೆ ಕಟ್ಟಲು ಕೇಳಿದ ಹಣವೂ ವರದಕ್ಷಿಣೆಯೇ ಎಂದು ಹೇಳಿತು. ಇದೇ ಸುಪ್ರೀಂ ಕೋರ್ಟು 2007ರಲ್ಲಿ ಅಪ್ಪಾಸಾಹೇಬ್ ಪ್ರಕರಣದಲ್ಲಿ, ಮನೆಖರ್ಚಿಗೂ ಗೊಬ್ಬರಕ್ಕೂ ಕೇಳಿದ ಹಣ ವರದಕ್ಷಿಣೆಯಲ್ಲ ಎಂದಿತ್ತು. ಹದಿನೈದು ವರ್ಷ ಬೇಕಾಯಿತು, ಹೆಣ್ಣು ‘ನಮಗೆ ಬೇಕು’ ಎಂದಾಗ ಅದು ಯಾರ ಬೇಕು ಎಂದು ಕೇಳುವುದಕ್ಕೆ.

‘ನಾವು’ಗಿಂತ ಹೆಚ್ಚು ಹಾನಿ ಮಾಡಿರುವ ಇನ್ನೊಂದು ಪದವಿದೆ. ‘ಅವರು’. ಗಂಡನನ್ನು ‘ಅವನು’ ಎನ್ನಬಾರದು, ‘ಅವರು’ ಎನ್ನಬೇಕು. ಅವನು ಇವಳನ್ನು ‘ಏನೇ, ಬಾರೇ’ ಎನ್ನುತ್ತಾನೆ, ಅದು ಬೇರೆ. (ಏಕವಚನದಲ್ಲಿ ಮಾತಾಡುವ ಸಮುದಾಯಗಳು ನಮ್ಮಲ್ಲಿವೆ. ಅಲ್ಲೆಲ್ಲ ಏಟು ಕಡಿಮೆ ಎಂದು ನಾನು ಹೇಳುವುದಿಲ್ಲ, ಕಡಿಮೆಯಿಲ್ಲ.) ತೊಂದರೆ ಏನೆಂದರೆ ಕನ್ನಡದಲ್ಲಿ ‘ಅವರು’ ಗೌರವದ ಒಬ್ಬನೂ ಹೌದು, ಬಹಳ ಜನವೂ ಹೌದು. ‘ಅವರು ಬಾಗಿಲು ಹಾಕಿ ಹೊಡೆದರು’ ಎಂದು ಅವಳು ಹೇಳುತ್ತಾಳೆ. ಗಂಡನೋ, ಗಂಡ ಮತ್ತು ಅತ್ತೆಯೋ, ಮನೆಮಂದಿಯೆಲ್ಲವೋ? ಬರೆದುಕೊಳ್ಳುವವರು ಕೇಳುವುದಿಲ್ಲ. ಠಾಣೆಯ ಬರಹಗಾರ ‘ಸದರಿ ಆರೋಪಿಗಳೆಲ್ಲರೂ ಸೇರಿ’ ಎಂದು ಬರೆದು, ಅತ್ತೆ, ಮಾವ, ನಾದಿನಿ, ಮೈದುನರನ್ನೆಲ್ಲ ಎಣಿಸಿ ಹೆಸರು ಹಾಕುತ್ತಾನೆ. ಕಟಕಟೆಯಲ್ಲಿ ಎದುರು ವಕೀಲರು ಕೇಳುತ್ತಾರೆ: ‘ಆ ದಿನ ನಿನ್ನ ನಾದಿನಿ ಊರಲ್ಲೇ ಇರಲಿಲ್ಲ ಅಲ್ಲವೇನಮ್ಮ?’ ‘ಇರಲಿಲ್ಲ.’ ‘ಹಾಗಾದರೆ ಎಲ್ಲರೂ ಹೊಡೆದರು ಎಂಬುದು ಸುಳ್ಳು?’ ಅವಳಿಗೆ ಏನು ಹೇಳಬೇಕೆಂದೇ ತಿಳಿಯುವುದಿಲ್ಲ. ಅವಳು ಸುಳ್ಳು ಹೇಳಿರಲಿಲ್ಲ. ಗಂಡನಿಗೆ ಮರ್ಯಾದೆ ಕೊಟ್ಟಿದ್ದಳು.

2022ರ ಫೆಬ್ರವರಿಯಲ್ಲಿ ಕಹಕಶಾನ್ ಕೌಸರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಯಾರು ಏನು ಮಾಡಿದರೆಂದು ಬಿಡಿಬಿಡಿಯಾಗಿ ಹೇಳದೆ ಗಂಡನ ಮನೆಯವರ ಮೇಲೆಲ್ಲ ಹೊರಿಸಿದ ಸಾರಾಸಗಟು ಆರೋಪದ ಮೇಲೆ ಮೊಕದ್ದಮೆ ನಡೆಸಲಾಗದು ಎಂದಿತು. ಇದರ ಬಗ್ಗೆ ನಮ್ಮ ಸಂಘಟನೆಗಳಲ್ಲಿ ಸಿಟ್ಟಿದೆ, ನನಗೂ ಇದೆ. 498-ಎ ಕಾನೂನು 1983ರಲ್ಲಿ ಬಂದದ್ದು ಸುಮ್ಮನೆ ಅಲ್ಲ, 304-ಬಿ 1986ರಲ್ಲಿ ಬಂದದ್ದೂ ಸುಮ್ಮನೆ ಅಲ್ಲ. ಬೀದಿಗಿಳಿದ ಹೆಂಗಸರು ತಂದದ್ದು. 2024ರ ಜುಲೈ 1ರಿಂದ ಅವು ಭಾರತೀಯ ನ್ಯಾಯ ಸಂಹಿತೆಯಲ್ಲಿ 85 ಮತ್ತು 80ನೇ ಕಲಂಗಳಾಗಿವೆ. ಕಾನೂನು ದುರುಪಯೋಗವಾಗುತ್ತಿದೆ ಎಂಬ ಕೂಗು ಬಹಳ ದಿನದಿಂದ ಇದೆ. ಆ ಕೂಗಿಗೆ ನಾವು ಸಭೆಯಲ್ಲಿ ಎಷ್ಟೇ ಉತ್ತರ ಕೊಟ್ಟರೂ, ದೂರಿನ ಕಾಗದದಲ್ಲಿ ‘ಅವರು’ ಯಾರೆಂದು ಬರೆಯದೆ ಹೋದರೆ ಕೋರ್ಟಿನಲ್ಲಿ ಸೋಲುವವಳು ಅವಳು.

ಠಾಣೆಯ ಕನ್ನಡದ ಬಗ್ಗೆ ಒಂದು ಮಾತು. ‘ಅವಾಚ್ಯ ಶಬ್ದಗಳಿಂದ ನಿಂದಿಸಿ, ಕೈಗಳಿಂದ ಹೊಡೆದು, ದೈಹಿಕ ಹಾಗೂ ಮಾನಸಿಕ ಕಿರುಕುಳ ನೀಡಿ’ ಎಂಬ ಸಾಲು ಅಚ್ಚು ಹಾಕಿದ ಹಾಗೆ ಪ್ರತಿ ದೂರಿನಲ್ಲೂ ಇರುತ್ತದೆ. ಅವಳು ಹೇಳಿದ್ದೇನು? ‘ಬಂಜೆ ಅಂತಾರೆ. ಮೂರು ಹೆಣ್ಣು ಹೆತ್ತವಳ ಮುಖ ಬೆಳಿಗ್ಗೆದ್ದು ನೋಡಬಾರದು ಅಂತಾರೆ.’ ಆ ಮಾತು ‘ಅವಾಚ್ಯ’ದಲ್ಲಿ ಮುಳುಗಿಹೋಗುತ್ತದೆ. ಆದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ತೆಗೆದು ನೋಡಿ. ಮಕ್ಕಳಾಗಲಿಲ್ಲವೆಂದು, ಗಂಡು ಮಗು ಹೆರಲಿಲ್ಲವೆಂದು ಹೀಯಾಳಿಸುವುದು ದೌರ್ಜನ್ಯ ಎಂದು ಅದರ ಮೂರನೇ ಕಲಮಿನಲ್ಲೇ ಇದೆ. ಮಾತೂ ಏಟು ಎಂದು ಈ ದೇಶದ ಕಾನೂನು ಒಪ್ಪಿಕೊಂಡಿದೆ. ಸಂರಕ್ಷಣಾಧಿಕಾರಿಗೆ ಕೊಡುವ ನಮೂನೆ 1ರಲ್ಲಿ ಅದಕ್ಕೆ ಜಾಗವೂ ಇದೆ. ಆ ಜಾಗದಲ್ಲಿ ‘ಬಂಜೆ’ ಎಂದೇ ಬರೆಯಬೇಕು. ಬರೆಯಲು ನಮ್ಮ ಕೈ ನಾಚಬಾರದು.

ಇನ್ನು ಹೇಳಲು ಕಷ್ಟವಾದ ವಿಷಯ. ಸುಟ್ಟಗಾಯದ ವಾರ್ಡು. 1990ರ ದಶಕದಲ್ಲಿ ಬೆಂಗಳೂರಿನಲ್ಲಿ ವಿಮೋಚನಾದಂಥ ಸಂಘಟನೆಯ ಗೆಳತಿಯರು ಆಸ್ಪತ್ರೆಗೆ ಹೋಗಿ ಕೂತು, ‘ಸ್ಟೌ ಅಪಘಾತ’ ಎಂದು ಮುಚ್ಚಿದ ಕಡತಗಳನ್ನು ಪ್ರಶ್ನಿಸಿದರು. ‘ಸ್ಟೌ ಸಿಡಿಯಿತು.’ ಮನೆಗೆ ಕೋಪ ಬಂದ ಹಾಗೆಯೇ ಇದೂ. ಮಾಡಿದವರಿಲ್ಲ, ಸ್ಟೌ ಇದೆ. ಎಲ್ಲ ಸ್ಟೌಗಳೂ ಸೊಸೆಯಂದಿರ ಮುಂದೆಯೇ ಏಕೆ ಸಿಡಿಯುತ್ತವೆ ಎಂದು ಆ ದಿನಗಳಲ್ಲಿ ಕೇಳುತ್ತಿದ್ದೆವು. ಈಗ ಬಹಳಷ್ಟು ಮನೆಗಳಿಂದ ಸೀಮೆಎಣ್ಣೆ ಸ್ಟೌ ಹೋಗಿದೆ, ‘ಹಚ್ಚಿಕೊಂಡಳು’ ಹೋಗಿ ‘ನೇಣು ಹಾಕಿಕೊಂಡಳು’ ಬಂದಿದೆ. ಪತ್ರಿಕೆಗಳಲ್ಲಿ ‘ಬೆಂಕಿಗೆ ಆಹುತಿ’, ‘ವರದಕ್ಷಿಣೆಗೆ ಬಲಿ’ ಎಂದು ಬರೆಯುತ್ತಾರೆ. ಆಹುತಿ, ಬಲಿ ಎರಡೂ ಪೂಜೆಯ ಪದಗಳು. ಹೋಮದಲ್ಲಿ ಹಾಕಿದವರ ಮೇಲೆ ಯಾರು ಮೊಕದ್ದಮೆ ಹೂಡುತ್ತಾರೆ?

ಸಾಯುವವಳ ಹೇಳಿಕೆಗೆ ಕಾನೂನಿನಲ್ಲಿ ದೊಡ್ಡ ಬೆಲೆಯಿದೆ. 1957ರಲ್ಲೇ ಖುಷಾಲ್ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮರಣಕಾಲದ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರು ಪ್ರಶ್ನೋತ್ತರದ ರೂಪದಲ್ಲಿ, ಆದಷ್ಟು ಮಟ್ಟಿಗೆ ಹೇಳುವವರ ಸ್ವಂತ ಮಾತಿನಲ್ಲೇ ಬರೆದುಕೊಂಡಿದ್ದರೆ ಅದರ ತೂಕ ಹೆಚ್ಚು ಎಂದಿತ್ತು. ಸ್ವಂತ ಮಾತು ಎಂದರೆ ಏನು ಎಂಬುದೇ ನಮ್ಮ ಇವತ್ತಿನ ಪ್ರಶ್ನೆ. ಮೈಯೆಲ್ಲ ಸುಟ್ಟವಳು ಹೇಳುತ್ತಾಳೆ: ‘ಮಾತಿಗೆ ಮಾತು ಬೆಳೀತು, ಎಣ್ಣೆ ಬಿತ್ತು, ಹತ್ಕೊಳ್ತು.’ ಇದು ಅವಳ ಸ್ವಂತ ಮಾತೇ. ಬಾಗಿಲ ಆಚೆ ಮಕ್ಕಳನ್ನು ಎತ್ತಿಕೊಂಡು ಅತ್ತೆ ನಿಂತಿರುವುದೂ ಆ ಮಾತಿನೊಳಗಿದೆ. ‘ಎಣ್ಣೆ ಬಿತ್ತು’ ಎಂದಾಗ ‘ಎಲ್ಲಿಂದ ಬಿತ್ತು? ಡಬ್ಬ ಯಾರ ಕೈಲಿತ್ತು?’ ಎಂದು ಕೇಳುವವರು ಬೇಕು. ಅವಳ ಬಾಯಿಗೆ ನಮ್ಮ ಮಾತು ತುರುಕುವುದು ಬೇರೆ, ಅವಳು ಬಿಟ್ಟ ಜಾಗವನ್ನು ಕೇಳುವುದು ಬೇರೆ. ಮೊದಲನೆಯದನ್ನು ಮಾಡಿದರೆ ಹೇಳಿಕೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಅವಳಿಗೆ ಮಾಡಿದ ನ್ಯಾಯವೂ ಆಗುವುದಿಲ್ಲ.

ಎ.ಕೆ. ರಾಮಾನುಜನ್ ಕನ್ನಡದ ಹೆಂಗಸರ ಬಾಯಿಂದ ಸಂಗ್ರಹಿಸಿದ ಕತೆಗಳಲ್ಲಿ ಒಂದು ಕತೆಯಿದೆ. ಕಾರ್ನಾಡರ ‘ನಾಗಮಂಡಲ’ ನಾಟಕ ನೋಡಿದವರಿಗೆ ಅದರ ನೆರಳು ಗೊತ್ತಿರುತ್ತದೆ. ಒಬ್ಬ ಹೆಂಗಸಿಗೆ ಒಂದು ಕತೆ, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡಿದ್ದಳು. ಉಸಿರುಗಟ್ಟಿದ ಅವು ಒಂದು ದಿನ ಅವಳು ಮಲಗಿದ್ದಾಗ ಹೊರಗೆ ಬಂದು, ಕತೆ ಒಂದು ಜೊತೆ ಜೋಡಾಯಿತು, ಹಾಡು ಗಂಡಸಿನ ಕೋಟಾಯಿತು. ಗಂಡ ಬಂದು ನೋಡಿ ಯಾರದು ಎಂದ. ಅವಳಿಗೆ ಗೊತ್ತಿಲ್ಲ. ಸಂಶಯ, ಜಗಳ. ಗಂಡ ಸಿಟ್ಟಿನಿಂದ ಹನುಮಂತನ ಗುಡಿಯಲ್ಲಿ ಮಲಗಲು ಹೋದ. ಊರಿನ ದೀಪಗಳ ಜ್ವಾಲೆಗಳೆಲ್ಲ ರಾತ್ರಿ ಅಲ್ಲಿ ಸೇರಿ ಹರಟುವಾಗ, ತನ್ನ ಮನೆಯ ಜ್ವಾಲೆಯಿಂದ ನಿಜ ಸಂಗತಿ ಕೇಳಿಸಿಕೊಂಡ. ಬೆಳಿಗ್ಗೆ ಬಂದು ಆ ಕತೆ, ಆ ಹಾಡು ಯಾವುದು ಎಂದು ಹೆಂಡತಿಯನ್ನು ಕೇಳಿದರೆ ಅವಳು ‘ಯಾವ ಕತೆ? ಯಾವ ಹಾಡು?’ ಎನ್ನುತ್ತಾಳೆ. ಮರೆತುಬಿಟ್ಟಿದ್ದಳು. ಈ ಕತೆಯನ್ನು ಕಟ್ಟಿದ ಅಜ್ಜಿ ಯಾರೋ, ನಮ್ಮ ಕಸುಬನ್ನು ನಮಗಿಂತ ಚೆನ್ನಾಗಿ ತಿಳಿದವಳು. ಬಹಳ ಕಾಲ ಹೇಳದೆ ಇಟ್ಟುಕೊಂಡದ್ದು ಕೊನೆಗೆ ಕೇಳಿದಾಗಲೂ ಬರುವುದಿಲ್ಲ. ಮೊದಲ ಭೇಟಿಯಲ್ಲೇ ಎಲ್ಲವನ್ನೂ ಹೇಳು ಎಂದು ಒತ್ತಾಯಿಸುವ ಕಾರ್ಯಕರ್ತೆಯರು ಇದನ್ನು ನೆನಪಿಟ್ಟುಕೊಳ್ಳಿ.

ಹೆಸರಿನ ಮಾತೆತ್ತಿದೆ. ಕೊಡಗಿನ ಗೌರಮ್ಮ ಕತೆ ಬರೆದದ್ದು ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂಬ ಹೆಸರಿನಲ್ಲಿ. ವಿಧವೆಯರ, ಕೈಬಿಟ್ಟ ಹೆಣ್ಣುಗಳ ನೋವನ್ನು ಅಷ್ಟು ದಿಟ್ಟವಾಗಿ ಬರೆದವಳು. 1939ರಲ್ಲಿ ತೀರಿಕೊಂಡಾಗ ಇಪ್ಪತ್ತೇಳು ವರ್ಷ. ಇವತ್ತು ಆ ‘ಮಿಸೆಸ್’ ಹೆಸರನ್ನು ಹುಡುಕಿ ಹೇಳಬೇಕು. ಗೌರಮ್ಮ ಎಂದರೆ ಎಲ್ಲರಿಗೂ ಗೊತ್ತು. ಇನ್ನೊಂದು ಹೊಸ ಸಂಗತಿ. 2023ರಲ್ಲಿ ಗೃಹಲಕ್ಷ್ಮಿ ಯೋಜನೆ ಬಂದಾಗ ತಿಂಗಳಿಗೆ 2000 ರೂಪಾಯಿ ಮನೆಯ ‘ಯಜಮಾನಿ’ಗೆ ಎಂದರು. ‘ಯಜಮಾನರು’ ಎಂದರೆ ಗಂಡ ಎಂದಷ್ಟೇ ತಿಳಿದ ಮನೆಗಳಲ್ಲಿ, ಯಜಮಾನಿ ಅತ್ತೆಯೋ ಸೊಸೆಯೋ ಎಂದು ಜಗಳವಾಯಿತು. ನಕ್ಕವರು ಬಹಳ. ನನಗೆ ನಗು ಬರಲಿಲ್ಲ. ತನಗೆ ಆ ಹೆಸರು ಬೇಕು ಎಂದು ಒಬ್ಬಳು ಬಾಯಿಬಿಟ್ಟು ಕೇಳಿದಳಲ್ಲ, ದುಡ್ಡಿಗಾಗಿಯಾದರೂ ಆಗಲಿ.

ಇಷ್ಟೆಲ್ಲ ಹೇಳಿ, ‘ನಾನು, ನಾನು ಎಂದು ಹೇಳಿಸಿರಿ’ ಎಂದು ನಿಮ್ಮನ್ನು ಕಳಿಸುತ್ತೇನೆ ಎಂದುಕೊಳ್ಳಬೇಡಿ. ಅವಳ ‘ನಾವು’ ಎಲ್ಲ ಕಡೆಯೂ ಗಂಡನ ಮರೆಯಲ್ಲ. ‘ನಾವು ಎಲ್ಲಿಗೆ ಹೋಗೋಣ ಹೇಳಿ’ ಎಂದರೆ ಅವಳು ಮತ್ತು ಎರಡು ಮಕ್ಕಳು. ಅದನ್ನು ಒಡೆದು ‘ನಾನು’ ಮಾಡಿಸಿದರೆ ಮಕ್ಕಳನ್ನು ಅವಳಿಂದ ಬಿಡಿಸಿದ ಹಾಗೆ. ಸಂಘದಲ್ಲಿ ಕೂತು ‘ನಾವು ಬಿಡಲ್ಲ’ ಎನ್ನುವುದೂ ‘ನಾವು’ವೇ, ಅದನ್ನು ಆಡಿದ ಮೇಲೆಯೇ ಎಷ್ಟೋ ಜನರಿಗೆ ‘ನಾನು’ ಬಾಯಿಗೆ ಬಂದದ್ದು. ಜೊತೆಗೆ, ‘ನಾವು ಮಹಿಳೆಯರು’ ಎಂದು ವೇದಿಕೆಯಲ್ಲಿ ಹೇಳುವ ನಮ್ಮ ‘ನಾವು’ವಿನಲ್ಲಿ ದಲಿತ ಹೆಂಗಸು, ಮುಸ್ಲಿಂ ಹೆಂಗಸು ಎಷ್ಟಿದ್ದಾರೆ ಎಂಬುದನ್ನೂ ಯಾರಾದರೂ ಕೇಳಬೇಕು. ಅದಕ್ಕೆ ಬೇರೆಯದೇ ಸಭೆ ಬೇಕು.

ಊಟಕ್ಕೆ ಇನ್ನೂ ಒಂದು ಗಂಟೆ ಇದೆ. ಇಬ್ಬಿಬ್ಬರಾಗಿ ಕೂತುಕೊಳ್ಳಿ. ಒಬ್ಬರು ತಮಗೆ ಗೊತ್ತಿರುವ ಒಂದು ಪ್ರಕರಣವನ್ನು, ಹೆಸರು ಬದಲಿಸಿ, ಆ ಹೆಂಗಸೇ ಹೇಳಿದ ಹಾಗೆ ಹೇಳಿ. ಇನ್ನೊಬ್ಬರು ಬರೆದುಕೊಳ್ಳಿ, ಒಂದಕ್ಷರವನ್ನೂ ಗ್ರಾಂಥಿಕ ಮಾಡಬೇಡಿ. ಬರೆದ ಮೇಲೆ ‘ಅವರು’ ಬಂದ ಕಡೆಯೆಲ್ಲ, ‘ನಮ್ಮನೇಲಿ’ ಬಂದ ಕಡೆಯೆಲ್ಲ, ‘ಬಿತ್ತು’, ‘ಆಯ್ತು’, ‘ಬೈಸ್ಕೊಂಡೆ’ ಬಂದ ಕಡೆಯೆಲ್ಲ ಕೆಳಗೆ ಗೆರೆ ಎಳೆಯಿರಿ. ಗೆರೆ ಎಳೆದ ಒಂದೊಂದು ಕಡೆಯೂ ಏನು ಕೇಳುತ್ತಿದ್ದಿರಿ ಎಂದು ಪಕ್ಕದಲ್ಲಿ ಬರೆಯಿರಿ. ಕೊನೆಯಲ್ಲಿ ಬರೆದದ್ದನ್ನು ಹೇಳಿದವರಿಗೆ ಓದಿ ಹೇಳಿ. ಠಾಣೆಯಲ್ಲೂ ದೂರನ್ನು ಓದಿ ಹೇಳಿ ಸಹಿ ಹಾಕಿಸಬೇಕು, ಒಂದು ಪ್ರತಿಯನ್ನು ಬಿಟ್ಟಿಯಾಗಿ ಕೊಡಬೇಕು ಎಂಬುದು ಕಾನೂನೇ. ಹಾಳೆಗಳು ಹಿಂದಿನ ಮೇಜಿನ ಮೇಲಿವೆ.